ಮೇಳದ ಗಾಯಕನ ಒಂಟಿ ದಾರಿ

೧

ಹಲವರು ಕೂಡಿ ಕಟ್ಟಿದ ಮೇಳದಲ್ಲಿ ಒಬ್ಬನ ಕಂಠವು ಜನರ ಕಿವಿಗೆ ಹೆಚ್ಚಾಗಿ ಹಿಡಿಸಿತೆಂದರೆ, ಇಂದಲ್ಲ ನಾಳೆ ಅವನು ಮೇಳವನ್ನು ಬಿಟ್ಟು ಹೋಗುವನೆಂದು ಲೋಕವು ಎದುರುನೋಡುತ್ತದೆ. ಹೋದರೆ ಕೃತಘ್ನನೆಂದೂ ಹೋಗದಿದ್ದರೆ ಅಂಜುಕುಳಿಯೆಂದೂ ಹೆಸರಿಡುತ್ತದೆ. ನಮ್ಮ ನಾಟಕದ ಕಂಪನಿಗಳಿಗೂ ಬಯಲಾಟದ ಮೇಳಗಳಿಗೂ ಪರಿಚಿತವಾದ ಈ ತೊಡಕು ಪಾಶ್ಚಾತ್ಯರ ರಾಕ್ ಸಂಗೀತದಲ್ಲಿಯೂ ತಲೆದೋರಿತು. ೧೯೭೦ರಿಂದ ೧೯೯೧ರವರೆಗೆ ಇಂಗ್ಲೆಂಡಿನ ಕ್ವೀನ್ ಎಂಬ ಮೇಳದಲ್ಲಿ ಹಾಡಿದ ಫ್ರೆಡ್ಡಿ ಮರ್ಕ್ಯುರಿಯ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

೨೦೧೮ರಲ್ಲಿ ಈತನ ಬಾಳನ್ನು ಕುರಿತು ತಯಾರಾದ ಚಲಚ್ಚಿತ್ರವೊಂದು ಲೋಕವನ್ನೆಲ್ಲ ಸುತ್ತಿತು. ನಾಯಕನ ಪಾತ್ರ ವಹಿಸಿದ ನಟನಿಗೆ ಮರುವರ್ಷ ಆಸ್ಕರ್ ಪ್ರಶಸ್ತಿಯೂ ದೊರೆಯಿತು. ಆ ಚಿತ್ರವು ಹೇಳುವ ಕಥೆಯ ಸಾರಾಂಶವಿದು: ಮರ್ಕ್ಯುರಿಯು ಹಣದ ಆಸೆಗೆ ಸಿಕ್ಕಿ, ಸಂಗಡಿಗರಿಗೆ ತಿಳಿಸದೆ, ಒಂಟಿಯಾಗಿ ಹಾಡಲು ಒಪ್ಪಂದ ಮಾಡಿಕೊಂಡನು, ಮೇಳವು ಒಡೆಯಿತು, ಕೊನೆಗೆ ರೋಗಪೀಡಿತನಾಗಿ, ಪಶ್ಚಾತ್ತಾಪಪಟ್ಟು, ೧೯೮೫ರ ಲೈವ್ ಏಡ್ ಕಚೇರಿಯ ಹೊತ್ತಿಗೆ ಹಿಂದಿರುಗಿ ಬಂದನು. ಕಥೆ ಸೊಗಸಾಗಿದೆ. ಕಥೆಗೆ ಬೇಕಾದ ಪಾಪ, ಪಶ್ಚಾತ್ತಾಪ, ಪ್ರಾಯಶ್ಚಿತ್ತ ಮೂರೂ ಅದರಲ್ಲಿ ಇವೆ. ಆದರೆ ವರ್ಷ ತಿಂಗಳುಗಳ ಲೆಕ್ಕವನ್ನು ಹಿಡಿದು ನೋಡಿದರೆ ಅದು ನಿಲ್ಲುವಂತಹುದಲ್ಲ. ಉತ್ತರ ಹೇಳಲಾರದ ಮೃತನ ಮೇಲೆ ಹೊರಿಸಿದ ದೋಷವು ನಿಜವೇ ಅಲ್ಲವೇ ಎಂಬುದನ್ನು ಪರಿಶೀಲಿಸುವುದು ಚರಿತ್ರೆಯ ಕರ್ತವ್ಯವಾಗಿದೆ.

೨

ಫ್ರೆಡ್ಡಿ ಮರ್ಕ್ಯುರಿಯ ಹುಟ್ಟುಹೆಸರು ಫರೋಖ್ ಬುಲ್ಸಾರಾ. ಗುಜರಾತಿನ ಬುಲ್ಸಾರ್, ಎಂದರೆ ಈಗಿನ ವಲಸಾಡ್, ಎಂಬ ಊರಿನಿಂದ ಬಂದ ಮನೆತನದ ಹೆಸರದು. ತಂದೆ ಬೋಮಿ ಬುಲ್ಸಾರಾ, ತಾಯಿ ಜೇರ್. ಇವರು ಪಾರಸಿಗಳು; ಜರತುಷ್ಟ್ರನ ಮತಕ್ಕೆ ಸೇರಿದವರು. ತಂದೆಯು ಆಫ್ರಿಕದ ಪೂರ್ವತೀರದ ಜಾಂಜಿಬಾರ್ ದ್ವೀಪದಲ್ಲಿ ಬ್ರಿಟಿಷ್ ಸರಕಾರದ ನೌಕರಿಯಲ್ಲಿದ್ದನು. ಅಲ್ಲಿಯೇ ೧೯೪೬ನೆಯ ಇಸವಿ ಸೆಪ್ಟೆಂಬರ್ ೫ರಂದು ಮಗನು ಹುಟ್ಟಿದನು.

ಎಂಟನೆಯ ವಯಸ್ಸಿನಲ್ಲಿ ಹುಡುಗನನ್ನು ಕಡಲು ದಾಟಿಸಿ, ಮುಂಬಯಿಗೆ ಸಮೀಪದ ಗಿರಿಪಟ್ಟಣವಾದ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಗೆ ಓದಲು ಕಳುಹಿಸಿದರು. ಅಲ್ಲಿಯ ವಿದ್ಯಾರ್ಥಿನಿಲಯದಲ್ಲಿ ಫರೋಖನು ಫ್ರೆಡ್ಡಿಯಾದನು. ಪಿಯಾನೋ ವಾದನವನ್ನು ಕಲಿತನು. ಒಡನಾಡಿಗಳೊಡನೆ ಕೂಡಿ ಹೆಕ್ಟಿಕ್ಸ್ ಎಂಬ ಮೇಳವನ್ನು ಕಟ್ಟಿದನು. ಆ ಮೇಳದಲ್ಲಿ ಮುಂದೆ ನಿಂತು ಹಾಡುವವನು ಬೇರೊಬ್ಬ ಹುಡುಗ. ಫ್ರೆಡ್ಡಿಯು ಪಿಯಾನೋದ ಹಿಂದೆ ಕುಳಿತಿದ್ದವನು. ಮುಂದೆ ಲಕ್ಷಾಂತರ ಜನರನ್ನು ಒಂದು ಬೆರಳಿನ ಸನ್ನೆಯಿಂದ ಕುಣಿಸಿದವನ ಸಂಗೀತಜೀವನವು ಹೀಗೆ ಪಕ್ಕವಾದ್ಯಗಾರನಾಗಿ ಆರಂಭವಾಯಿತೆಂಬುದನ್ನು ಮರೆಯತಕ್ಕದ್ದಲ್ಲ.

೧೯೬೩ರಲ್ಲಿ ಆತನು ಜಾಂಜಿಬಾರಿಗೆ ಮರಳಿದನು. ಮರುವರ್ಷದ ಜನವರಿಯಲ್ಲಿ ಅಲ್ಲಿ ಕ್ರಾಂತಿಯೆದ್ದು ಸುಲ್ತಾನನ ಆಳ್ವಿಕೆಯು ಮುರಿದುಬಿದ್ದಿತು. ಅರಬರೂ ಭಾರತೀಯರೂ ಪ್ರಾಣಭಯದಿಂದ ದ್ವೀಪವನ್ನು ಬಿಟ್ಟು ಓಡಿದರು. ಬುಲ್ಸಾರಾ ಕುಟುಂಬವು ಲಂಡನ್ನಿನ ಅಂಚಿನ ಫೆಲ್ಟಮ್ ಎಂಬಲ್ಲಿ ನೆಲೆಸಿತು. ಹದಿನೇಳು ವರ್ಷದ ತರುಣನಿಗೆ ಆಗಲೇ ಮೂರು ಊರುಗಳು ಮನೆಯಾಗಿ, ಎರಡು ಕೈಬಿಟ್ಟಿದ್ದವು. ಈಲಿಂಗಿನ ಕಲಾಶಾಲೆಯಲ್ಲಿ ಚಿತ್ರವಿನ್ಯಾಸವನ್ನು ಅಭ್ಯಾಸ ಮಾಡಿ ೧೯೬೯ರಲ್ಲಿ ಪದವಿಪತ್ರವನ್ನು ಪಡೆದನು. ಹೊಟ್ಟೆಪಾಡಿಗಾಗಿ ಕೆನ್ಸಿಂಗ್ಟನ್ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಹಳೆಯ ಬಟ್ಟೆಗಳನ್ನು ಮಾರಿದನು.

೩

ಆ ಕಾಲದಲ್ಲಿ ಸ್ಮೈಲ್ ಎಂಬ ಚಿಕ್ಕ ಮೇಳವೊಂದು ಇದ್ದಿತು. ಭೌತಶಾಸ್ತ್ರದ ವಿದ್ಯಾರ್ಥಿಯಾದ ಬ್ರಯನ್ ಮೇ, ತಂದೆಯೊಡನೆ ಕೂಡಿ ಮನೆಯಲ್ಲಿಯೇ ಮಾಡಿಕೊಂಡಿದ್ದ ಗಿಟಾರನ್ನು ಅದರಲ್ಲಿ ನುಡಿಸುತ್ತಿದ್ದನು. ದಂತವೈದ್ಯವನ್ನು ಓದಲು ಬಂದಿದ್ದ ರಾಜರ್ ಟೇಲರ್ ಡ್ರಮ್ಮು ಬಾರಿಸುತ್ತಿದ್ದನು. ೧೯೭೦ರಲ್ಲಿ ಆ ಮೇಳದ ಗಾಯಕನು ಬಿಟ್ಟುಹೋದಾಗ ಫ್ರೆಡ್ಡಿಯು ಅವನ ಸ್ಥಾನಕ್ಕೆ ಬಂದನು. ಬಂದವನು ಸುಮ್ಮನಿರಲಿಲ್ಲ. ಮೇಳಕ್ಕೆ ಕ್ವೀನ್, ಎಂದರೆ ರಾಣಿ, ಎಂದು ಹೆಸರಿಟ್ಟನು. ತನಗೆ ಮರ್ಕ್ಯುರಿ ಎಂದು ಹೆಸರಿಟ್ಟುಕೊಂಡನು. ೧೯೭೧ರಲ್ಲಿ ಜಾನ್ ಡೀಕನ್ ಎಂಬ ಮಿತಭಾಷಿಯು ಬೇಸ್ ಗಿಟಾರಿಗೆ ಸೇರಿದ ಮೇಲೆ ಮೇಳವು ಪೂರ್ಣವಾಯಿತು. ನಾಲ್ವರ ಜನ್ಮರಾಶಿಗಳನ್ನು ಹೆಣೆದು ಮೇಳದ ಲಾಂಛನವನ್ನು ಬರೆದವನೂ ಮರ್ಕ್ಯುರಿಯೇ: ಸಿಂಹರಾಶಿಯ ಇಬ್ಬರಿಗೆ ಎರಡು ಸಿಂಹಗಳು, ಕರ್ಕಾಟಕಕ್ಕೆ ಏಡಿ, ಕನ್ಯಾರಾಶಿಯ ತನಗೆ ಇಬ್ಬರು ಕಿನ್ನರಿಯರು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಕ್ವೀನ್ ಮೇಳದ ಮೊದಲನೆಯ ಧ್ವನಿಮುದ್ರಿಕೆಯು ೧೯೭೩ರ ಜುಲೈ ತಿಂಗಳಲ್ಲಿ ಹೊರಬಿದ್ದಿತು. ಅದಕ್ಕೆ ಸ್ವಲ್ಪ ಮುಂಚೆಯೇ ಲ್ಯಾರಿ ಲ್ಯುರೆಕ್ಸ್ ಎಂಬ ಸುಳ್ಳುಹೆಸರಿನಲ್ಲಿ ಮರ್ಕ್ಯುರಿಯು ಹಾಡಿದ ರಿಕಾರ್ಡೊಂದು ಅಂಗಡಿಗೆ ಬಂದು, ಯಾರ ಗಮನಕ್ಕೂ ಬೀಳದೆ ಹೋಯಿತು. ಅದರಲ್ಲಿಯೂ ಗಿಟಾರು ನುಡಿಸಿದವನು ಮೇ, ಡ್ರಮ್ಮು ಬಾರಿಸಿದವನು ಟೇಲರ್. ಎಂದರೆ, ಈತನು ಒಂಟಿಯಾಗಿ ಹಾಡಿದ ಮೊದಲನೆಯ ಹಾಡಿನಲ್ಲಿಯೇ ಸಂಗಡಿಗರು ಜೊತೆಗಿದ್ದರು.

ತರುವಾಯದ ಏಳ್ಗೆ ಪ್ರಸಿದ್ಧವಾಗಿದೆ. ೧೯೭೫ರ ಅಕ್ಟೋಬರಿನಲ್ಲಿ ಹೊರಬಂದ 'ಬೊಹೀಮಿಯನ್ ರಾಪ್ಸೊಡಿ' ಎಂಬ ಮರ್ಕ್ಯುರಿಯ ಕೃತಿಯು ೫ ನಿಮಿಷ ೫೫ ಸೆಕೆಂಡುಗಳಷ್ಟು ದೀರ್ಘವಾಗಿದ್ದಿತು. ಇಷ್ಟು ಉದ್ದದ ಹಾಡನ್ನು ರೇಡಿಯೋದವರು ಹಾಕುವುದಿಲ್ಲವೆಂದು ವ್ಯಾಪಾರ ಬಲ್ಲವರು ತಲೆಯಾಡಿಸಿದರು. ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಅದರ ನಡುವೆ ಕೇಳಿಬರುವ ಅಪೆರಾದ ದೊಡ್ಡ ಗಾಯನವೃಂದವು ನಿಜವಾಗಿ ಮೂವರದು. ಮರ್ಕ್ಯುರಿ, ಮೇ, ಟೇಲರ್ ಇವರು ತಮ್ಮ ಕಂಠಗಳನ್ನು ಮತ್ತೆ ಮತ್ತೆ ಒಂದರ ಮೇಲೊಂದು ಮುದ್ರಿಸಿ ಅದನ್ನು ಕಟ್ಟಿದರು. ಕಲ್ಪನೆ ಒಬ್ಬನದಾದರೂ ಧ್ವನಿ ಮೂವರದಾಗಿದ್ದಿತು.

ರಂಗದ ಮೇಲೆ ಮಾತ್ರ ಆತನು ಒಬ್ಬನೇ ರಾಜನು. ಮೊದಲು ನೆರಿಗೆಯ ಬಿಳಿಯ ರೇಷ್ಮೆ, ಬಳಿಕ ವಿದೂಷಕನ ಬಣ್ಣದ ಚೌಕಳಿ, ಆಮೇಲೆ ಕರಿಯ ತೊಗಲು, ೧೯೮೬ರಲ್ಲಿ ಕಿರೀಟವೂ ಕೆಂಪು ರಾಜವಸ್ತ್ರವೂ! ಕೈಯಲ್ಲಿ ಮುರಿದ ಅರ್ಧ ಕೋಲಿನ ಮೈಕು. ಅದೇ ರಾಜದಂಡ, ಅದೇ ಕತ್ತಿ, ಅದೇ ಗಿಟಾರು. ೧೯೭೬ರ ಸೆಪ್ಟೆಂಬರ್ ೧೮ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಉಚಿತ ಕಚೇರಿಗೆ ಸುಮಾರು ಒಂದೂವರೆ ಲಕ್ಷ ಜನ ನೆರೆದರು. ೧೯೭೯ರಲ್ಲಿ ರಾಯಲ್ ಬ್ಯಾಲೆಯ ನರ್ತಕರೊಡನೆ ಧರ್ಮಾರ್ಥ ಪ್ರದರ್ಶನವೊಂದರಲ್ಲಿ ಕುಣಿಯುವುದಕ್ಕೂ ಈತನು ಹಿಂಜರಿಯಲಿಲ್ಲ.

ಆದರೆ ಈ ಮೇಳದ ಒಳರಚನೆಯು ಬೇರೆ ಬಗೆಯದು. ನಮ್ಮ ಸಂಗೀತದ ಕಚೇರಿಯಲ್ಲಿ ಗಾಯಕನು ಯಜಮಾನ. ಪಿಟೀಲೂ ಮೃದಂಗವೂ ಅವನನ್ನು ಅನುಸರಿಸತಕ್ಕವು. ಕ್ವೀನ್ ಮೇಳದಲ್ಲಿ ನಾಲ್ವರೂ ಹಾಡು ಕಟ್ಟುವವರು. ೧೯೮೦ರಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿದ ಮೇಳದ ಎರಡು ಹಾಡುಗಳಲ್ಲಿ ಒಂದು ಮರ್ಕ್ಯುರಿಯದಾದರೆ ಇನ್ನೊಂದು ಡೀಕನ್ನನದು. ಹಾಡು ಯಾರ ಹೆಸರಿನಲ್ಲಿದೆಯೋ ಅವನಿಗೆ ಹೆಚ್ಚಿನ ಹಣ ಸಲ್ಲುತ್ತಿದ್ದಿತು. 'ಬೊಹೀಮಿಯನ್ ರಾಪ್ಸೊಡಿ'ಯ ರಿಕಾರ್ಡಿನ ಹಿಂದಿನ ಮಗ್ಗುಲಲ್ಲಿ ಟೇಲರನ ಹಾಡೊಂದಿದ್ದಿತು. ತಟ್ಟೆಯೊಂದು ಮಾರಿದರೆ ಎರಡು ಮಗ್ಗುಲಿನವರಿಗೂ ಸಮಭಾಗವಾದುದರಿಂದ, ಯಾರೂ ಬೇಡದ ಆ ಹಾಡು ಮುಂದಿನ ಮಗ್ಗುಲಿನಷ್ಟೇ ಹಣವನ್ನು ತಂದಿತು. ಇದರಿಂದ ಹುಟ್ಟಿದ ಮನಸ್ತಾಪವು ವರ್ಷಗಟ್ಟಲೆ ಹೊಗೆಯಾಡಿತು. ಮೇಳದೊಳಗಿನ ಬಿರುಕಿಗೆ ಒಬ್ಬನ ದುರಾಸೆಗಿಂತ ಈ ಏರ್ಪಾಡೇ ಹೆಚ್ಚಿನ ಕಾರಣವೆಂದು ಹೇಳಬಹುದು.

೪

೧೯೮೨ರಲ್ಲಿ ಬಂದ 'ಹಾಟ್ ಸ್ಪೇಸ್' ಎಂಬ ಸಂಪುಟವು ಆ ಬಿರುಕನ್ನು ಬಯಲಿಗೆ ತಂದಿತು. ಮರ್ಕ್ಯುರಿ, ಡೀಕನ್ ಇವರಿಗೆ ನೃತ್ಯಶಾಲೆಗಳ ಹೊಸ ತಾಳದಲ್ಲಿ ಒಲವು. ಮೇ, ಟೇಲರ್ ಇವರಿಗೆ ಗಿಟಾರಿನ ಹಳೆಯ ಗರ್ಜನೆಯಲ್ಲಿ ಒಲವು. ಕೇಳುಗರೂ ಇಬ್ಭಾಗವಾದರು. ಹನ್ನೆರಡು ವರ್ಷ ಎಡೆಬಿಡದೆ ದುಡಿದ ನಾಲ್ವರು ೧೯೮೩ರಲ್ಲಿ ಕೆಲಕಾಲ ಬಿಡುವು ಪಡೆದರು.

ಒಂಟಿಯಾಗಿ ಧ್ವನಿಮುದ್ರಿಕೆ ತಂದವರಲ್ಲಿ ಮರ್ಕ್ಯುರಿಯೇ ಮೊದಲಿಗನೆಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ಟೇಲರನು ೧೯೮೧ರಲ್ಲಿಯೇ ತನ್ನ ಸ್ವಂತ ಸಂಪುಟವನ್ನು ಹೊರತಂದಿದ್ದನು. ೧೯೮೪ರಲ್ಲಿ ಎರಡನೆಯದನ್ನೂ ತಂದನು. ಮೇ ೧೯೮೩ರಲ್ಲಿ ಬೇರೆ ವಾದಕರೊಡನೆ ಕೂಡಿ ತನ್ನದೊಂದನ್ನು ತಂದನು. ಮರ್ಕ್ಯುರಿಯ ಸಂಪುಟ ಬಂದುದು ೧೯೮೫ರ ಏಪ್ರಿಲ್ ೨೯ರಂದು. ಇಬ್ಬರು ಹೊರಗೆ ಹೋಗಿ ಬಂದ ಬಾಗಿಲಿನಿಂದಲೇ ಮೂರನೆಯವನು ಹೋದರೆ ಅದನ್ನು ದ್ರೋಹವೆನ್ನುವುದು ನ್ಯಾಯವಲ್ಲ.

ಮೇಳವು ಒಡೆಯಿತೆಂಬ ಮಾತೂ ನಿಲ್ಲುವುದಿಲ್ಲ. ೧೯೮೪ರ ಫೆಬ್ರವರಿಯಲ್ಲಿ ಮೇಳದ 'ದಿ ವರ್ಕ್ಸ್' ಎಂಬ ಸಂಪುಟವು ಪ್ರಕಟವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ನಾಲ್ವರೂ ದಕ್ಷಿಣ ಆಫ್ರಿಕದ ಸನ್ ಸಿಟಿಯಲ್ಲಿ ಹಾಡಿದರು. ವರ್ಣಭೇದದ ಆ ರಾಜ್ಯಕ್ಕೆ ಕಲಾವಿದರು ಹೋಗಕೂಡದೆಂಬ ಬಹಿಷ್ಕಾರವಿದ್ದುದರಿಂದ ಮೇಳಕ್ಕೆ ದೊಡ್ಡ ಅಪಕೀರ್ತಿ ತಟ್ಟಿತು. ಆ ತಪ್ಪು ನಾಲ್ವರದೂ ಹೌದು. ೧೯೮೫ರ ಜನವರಿಯಲ್ಲಿ ಬ್ರೆಜಿಲಿನ ರಿಯೋ ನಗರದಲ್ಲಿ ಅಪಾರ ಜನಸ್ತೋಮದ ಮುಂದೆ ನಾಲ್ವರೂ ಹಾಡಿದರು. ಮರ್ಕ್ಯುರಿಯ ಸ್ವಂತ ಸಂಪುಟವು ಹೊರಬಿದ್ದ ಏಪ್ರಿಲಿನಲ್ಲಿ ಮೇಳವು ಆಸ್ಟ್ರೇಲಿಯದಲ್ಲಿ ಸಂಚರಿಸುತ್ತಿದ್ದಿತು. ಮೇ ತಿಂಗಳಲ್ಲಿ ಜಪಾನಿನಲ್ಲಿ. ಲೈವ್ ಏಡ್ ನಡೆದುದು ಜುಲೈ ೧೩ರಂದು. ಎರಡು ತಿಂಗಳ ಹಿಂದೆ ಒಂದೇ ರಂಗದ ಮೇಲಿದ್ದವರನ್ನು ವರ್ಷಗಟ್ಟಲೆ ಮುಖ ನೋಡದವರೆಂದು ಹೇಳುವುದು ಕಥೆಗಾರನ ಸ್ವಾತಂತ್ರ್ಯ. ಚರಿತ್ರೆಗೆ ಆ ಸ್ವಾತಂತ್ರ್ಯವಿಲ್ಲ.

ಒಂಟಿ ದಾರಿಯ ಆರಂಭವು ಶುಭವಾಗಿಯೇ ಇದ್ದಿತು. ೧೯೨೭ರ 'ಮೆಟ್ರೊಪೊಲಿಸ್' ಎಂಬ ಜರ್ಮನ್ ಮೂಕಚಿತ್ರಕ್ಕೆ ಹೊಸ ಸಂಗೀತವನ್ನು ಕೂಡಿಸುತ್ತಿದ್ದ ಜಾರ್ಜೊ ಮೊರೊಡರನೊಡನೆ ಮರ್ಕ್ಯುರಿಯು ೧೯೮೪ರಲ್ಲಿ ರಚಿಸಿ ಹಾಡಿದ 'ಲವ್ ಕಿಲ್ಸ್' ಎಂಬ ಹಾಡು ಬ್ರಿಟನ್ನಿನ ಮೊದಲ ಹತ್ತರೊಳಗೆ ಬಂದಿತು. ಸ್ವಂತ ಸಂಪುಟದ ಹೆಸರು 'ಮಿಸ್ಟರ್ ಬ್ಯಾಡ್ ಗೈ'. ಮೇಳದ ಕೆಲಸಗಳ ನಡುವೆ ಸಿಕ್ಕ ಬಿಡುವಿನಲ್ಲಿ, ಮ್ಯೂನಿಕ್ ನಗರದ ಮುದ್ರಣಶಾಲೆಯಲ್ಲಿ, ರೈನ್‌ಹೋಲ್ಡ್ ಮಾಕ್ ಎಂಬವನ ನೆರವಿನಿಂದ ಸುಮಾರು ಎರಡು ವರ್ಷಗಳಲ್ಲಿ ಅದು ಸಿದ್ಧವಾಯಿತು. ಹನ್ನೊಂದು ಹಾಡುಗಳೂ ಅವನೊಬ್ಬನವೇ. ಹೊದಿಕೆಯ ಮೇಲೆ, ನಡುವೆ ಬಾಯಿ ಹಾಕದೆ ಇದ್ದುದಕ್ಕಾಗಿ ಮೂವರು ಸಂಗಡಿಗರಿಗೆ ವಿನೋದದಿಂದ ಕೃತಜ್ಞತೆಯನ್ನು ಅಚ್ಚುಮಾಡಿಸಿ, ಸಂಪುಟವನ್ನು ತನ್ನ ಬೆಕ್ಕುಗಳಿಗೂ ಲೋಕದ ಬೆಕ್ಕುಪ್ರಿಯರಿಗೂ ಅರ್ಪಿಸಿದನು.

ಬ್ರಿಟನ್ನಿನಲ್ಲಿ ಸಂಪುಟವು ಆರನೆಯ ಸ್ಥಾನಕ್ಕೇರಿತು. ಅಮೆರಿಕದಲ್ಲಿ ೧೫೯ನೆಯ ಸ್ಥಾನವನ್ನು ದಾಟಲಿಲ್ಲ. ಕಂಠದಲ್ಲಿ ಕೊರತೆಯಿರಲಿಲ್ಲ, ರಾಗಗಳಲ್ಲಿಯೂ ಸೊಗಸಿದ್ದಿತು. ಆದರೂ ಏನೋ ಸಾಲದಾಯಿತು. ಬಾಡಿಗೆಗೆ ಬಂದ ವಾದಕರು ಹೇಳಿದುದನ್ನು ಹೇಳಿದಂತೆಯೇ ನುಡಿಸಿದರು. ಮೇಳದಲ್ಲಿ ಹಾಗಲ್ಲ, ಒಬ್ಬನು ತಂದ ಹಾಡನ್ನು ಉಳಿದ ಮೂವರು ಎಳೆದು, ತಿದ್ದಿ, ಕೆಲವೊಮ್ಮೆ ಬೇಡವೆಂದು ತಳ್ಳಿ, ಜಗಳವಾಡಿ ಒಪ್ಪಬೇಕಾಗಿದ್ದಿತು. ಯಾರೂ ಅಡ್ಡಬರಲಿಲ್ಲವೆಂದು ಆತನು ವಿನೋದಕ್ಕೆ ಬರೆಯಿಸಿದ ಆ ಮಾತಿನಲ್ಲಿಯೇ ಸಂಪುಟದ ಕೊರತೆಯ ಕಾರಣವೂ ಅಡಗಿದ್ದಿತು.

೫

೧೯೮೫ರ ಜುಲೈ ೧೩ರಂದು, ಇಥಿಯೋಪಿಯದ ಕ್ಷಾಮಪೀಡಿತರ ನೆರವಿಗಾಗಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿಯೂ ಅಮೆರಿಕದ ಫಿಲಡೆಲ್ಫಿಯದಲ್ಲಿಯೂ ಏಕಕಾಲಕ್ಕೆ ನಡೆದ ಲೈವ್ ಏಡ್ ಕಚೇರಿಯಲ್ಲಿ, ಒಂದೊಂದು ಮೇಳಕ್ಕೂ ದೊರೆತುದು ಸುಮಾರು ಇಪ್ಪತ್ತು ನಿಮಿಷ ಮಾತ್ರ. ಉಳಿದವರು ಹೊಸ ಹಾಡುಗಳನ್ನು ಪ್ರಚಾರ ಮಾಡಲು ಹವಣಿಸುತ್ತಿರುವಾಗ, ಕ್ವೀನ್ ಮೇಳದವರು ಜನರ ನಾಲಗೆಯ ಮೇಲಿದ್ದ ಆರು ಹಾಡುಗಳನ್ನು ಆಯ್ದು, ನಾಟಕಶಾಲೆಯೊಂದನ್ನು ಹಿಡಿದು ಗಡಿಯಾರವಿಟ್ಟುಕೊಂಡು ಅಭ್ಯಾಸ ಮಾಡಿದ್ದರು. ವೆಂಬ್ಲಿಯಲ್ಲಿ ನೆರೆದ ೭೨ ಸಾವಿರ ಜನ ಹಗಲಿನ ಬೆಳಕಿನಲ್ಲಿ ಒಂದೇ ಕೈಯಾಗಿ ಚಪ್ಪಾಳೆ ತಟ್ಟಿದ ದೃಶ್ಯವನ್ನು ಭೂಮಂಡಲದ ಕೋಟ್ಯಂತರ ಜನ ದೂರದರ್ಶನದಲ್ಲಿ ಕಂಡರು.

ಆ ದಿನದ ಕೀರ್ತಿಯನ್ನೆಲ್ಲ ಲೋಕವು ಮರ್ಕ್ಯುರಿಯೊಬ್ಬನಿಗೆ ಕೊಡುತ್ತದೆ. ಅದು ಬಹುಮಟ್ಟಿಗೆ ಸರಿ. ಆದರೂ ಹಾಡುಗಳ ಲೆಕ್ಕವನ್ನು ನೋಡಬೇಕು. ಆರರಲ್ಲಿ ಮೂರು ಅವನವು. ಎರಡು ಮೇ ರಚಿಸಿದವು. ಸಾವಿರಾರು ಕೈಗಳನ್ನು ಮೇಲೆತ್ತಿಸಿದ ಆ ಚಪ್ಪಾಳೆಯ ಹಾಡು ಟೇಲರನದು. ಒಂದು ಕೈಯಿಂದ ಚಪ್ಪಾಳೆಯಾಗದೆಂಬ ಗಾದೆಯು ಅಂದು ಅಕ್ಷರಶಃ ನಿಜವಾಯಿತು. ಸ್ವಂತ ಸಂಪುಟವು ಬಂದು ಮೂರು ತಿಂಗಳಾಗಿರಲಿಲ್ಲ. ಅದರ ಒಂದು ಹಾಡನ್ನೂ ಆತನು ಅಲ್ಲಿ ಹಾಡಲಿಲ್ಲ.

ಮರುವರ್ಷ ಮೇಳವು ಯೂರೋಪಿನ ೨೬ ಕಚೇರಿಗಳ ದೊಡ್ಡ ಸಂಚಾರವನ್ನು ಕೈಕೊಂಡಿತು. ೧೯೮೬ರ ಆಗಸ್ಟ್ ೯ರಂದು ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ಲಕ್ಷಕ್ಕೂ ಮೀರಿದ ಜನರ ಮುಂದೆ ನಡೆದುದೇ ಮರ್ಕ್ಯುರಿಯು ಮೇಳದೊಡನೆ ಹಾಡಿದ ಕಡೆಯ ಕಚೇರಿ.

೬

ಎರಡನೆಯ ಬಾರಿ ಆತನು ಒಂಟಿ ದಾರಿಯನ್ನು ಹಿಡಿದುದು ೧೯೮೭ರಲ್ಲಿ. ೧೯೫೫ರ 'ದಿ ಗ್ರೇಟ್ ಪ್ರಿಟೆಂಡರ್' ಎಂಬ ಹಳೆಯ ಹಾಡನ್ನು ಹಾಡಿ ಬ್ರಿಟನ್ನಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದನು. ಆದರೆ ಅವನ ಮನಸ್ಸು ಬೇರೆಡೆಯಲ್ಲಿದ್ದಿತು. ಬಾರ್ಸಿಲೋನ ನಗರದಲ್ಲಿ ಹುಟ್ಟಿ ಅಪೆರಾ ಲೋಕದಲ್ಲಿ ಕೀರ್ತಿ ಪಡೆದಿದ್ದ ಮೊಂಟ್ಸೆರಾಟ್ ಕಬಾಯೆಯ ಕಂಠವನ್ನು ಆತನು ಬಹುಕಾಲದಿಂದ ಆರಾಧಿಸುತ್ತಿದ್ದನು. ಸ್ಪೇನಿನ ದೂರದರ್ಶನದಲ್ಲಿ ಬಹಿರಂಗವಾಗಿ ಹೇಳಿಯೂ ಇದ್ದನು. ಮಾತು ಆಕೆಯ ಕಿವಿಗೆ ಬಿದ್ದಿತು. ೧೯೮೭ರ ಮಾರ್ಚ್ ತಿಂಗಳಲ್ಲಿ ಬಾರ್ಸಿಲೋನದಲ್ಲಿ ಇಬ್ಬರ ಭೇಟಿಯಾಯಿತು. ಸಾವಿರಾರು ಜನರ ಮುಂದೆ ಅಳುಕದವನು ಆಕೆಯ ಮುಂದೆ ಶಿಷ್ಯನಂತಾದನು. ಆಕೆಯಾದರೋ ರಾಕ್ ಗಾಯಕನೆಂದು ಅಸಡ್ಡೆ ಮಾಡದೆ, ತನ್ನ ಹುಟ್ಟೂರನ್ನು ಕುರಿತು ಒಂದು ಹಾಡು ಬೇಕೆಂದಳು.

ಹೀಗೆ ಹುಟ್ಟಿದುದು 'ಬಾರ್ಸಿಲೋನ'. ಮೈಕ್ ಮೊರನ್ ಎಂಬ ವಾದಕನೊಡನೆ ಮರ್ಕ್ಯುರಿಯು ಇದನ್ನು ರಚಿಸಿದನು. ೧೯೮೭ರಲ್ಲಿ ಹಾಡು ಬ್ರಿಟನ್ನಿನ ಎಂಟನೆಯ ಸ್ಥಾನಕ್ಕೆ ಬಂದಿತು. ೧೯೮೮ರ ಅಕ್ಟೋಬರಿನಲ್ಲಿ ಅದೇ ಹೆಸರಿನ ಸಂಪುಟವು ಹೊರಬಿದ್ದಿತು. ರಾಕ್ ಗಾಯಕನೊಬ್ಬನು ಅಪೆರಾ ಗಾಯಕಿಯೊಡನೆ ಸಂಪುಟವೊಂದನ್ನು ಪೂರ್ಣವಾಗಿ ಹಾಡಿದುದು ಅಂದಿಗೆ ವಿಚಿತ್ರವೆನಿಸಿತು. ಮೊದಲನೆಯ ಸಂಪುಟಕ್ಕೂ ಇದಕ್ಕೂ ಇರುವ ಭೇದ ಕೇಳಿದೊಡನೆ ತಿಳಿಯುತ್ತದೆ. ಅಲ್ಲಿ ಎದುರಾಡುವವರಿರಲಿಲ್ಲ, ಇಲ್ಲಿ ಎದುರಿಗೆ ತನಗಿಂತ ದೊಡ್ಡ ಕಂಠವೊಂದು ನಿಂತಿದ್ದಿತು. ಆಕೆಯ ತಾರಸ್ಥಾಯಿಗೆ ಸರಿಸಮನಾಗಿ ನಿಲ್ಲಲು ಆತನು ತನ್ನ ಶಕ್ತಿಯನ್ನೆಲ್ಲ ಕೂಡಿಸಬೇಕಾಯಿತು. ಆತನಿಗೆ ಬೇಕಾಗಿದ್ದುದು ಸ್ವಾತಂತ್ರ್ಯಕ್ಕಿಂತ ಹೆಚ್ಚಾಗಿ ಸಮಬಲದ ಜೊತೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ಇನ್ನೊಂದು ವಿಶೇಷವೂ ಉಂಟು: ಈ ಸಂಪುಟದ ಹಾಡೊಂದರಲ್ಲಿ ಬೇಸ್ ಗಿಟಾರು ನುಡಿಸಿದವನು ಕ್ವೀನ್ ಮೇಳದ ಜಾನ್ ಡೀಕನ್.

೧೯೮೭ರಲ್ಲಿಯೇ ಏಡ್ಸ್ ರೋಗವು ತನಗೆ ತಗಲಿದೆಯೆಂದು ಮರ್ಕ್ಯುರಿಗೆ ತಿಳಿದುಬಂದಿತು. ರೋಗವನ್ನು ಹತ್ತಿಕ್ಕುವ ಕೂಡುಮದ್ದುಗಳು ಬಳಕೆಗೆ ಬಂದುದು ೧೯೯೬ರಲ್ಲಿ; ಆಗ ಅದು ಮರಣದ ಕರೆಯೇ ಆಗಿದ್ದಿತು. ೧೯೮೮ರ ಅಕ್ಟೋಬರ್ ೮ರಂದು ಬಾರ್ಸಿಲೋನದ ಉತ್ಸವದಲ್ಲಿ ಕಬಾಯೆಯೊಡನೆ ಕಾಣಿಸಿಕೊಂಡುದೇ ರಂಗದ ಮೇಲೆ ಆತನ ಕಡೆಯ ಸಂಗೀತ ಪ್ರದರ್ಶನ.

೭

ರೋಗವನ್ನು ಅರಿತ ಮನುಷ್ಯನು ಉಳಿದ ಕಾಲವನ್ನು ಯಾರೊಡನೆ ಕಳೆಯಲು ಬಯಸಿದನೆಂಬುದನ್ನು ನೋಡಿದರೆ ಅವನ ಅಂತರಂಗವು ತಿಳಿಯುತ್ತದೆ. ಮರ್ಕ್ಯುರಿಯು ಮೇಳಕ್ಕೇ ಬಂದನು. ೧೯೮೯ರ 'ದಿ ಮಿರಕಲ್' ಎಂಬ ಸಂಪುಟದಲ್ಲಿ ಎಲ್ಲ ಹಾಡುಗಳ ಕರ್ತೃತ್ವವನ್ನೂ ನಾಲ್ವರ ಹೆಸರಿಗೆ ಸಮನಾಗಿ ಬರೆದರು. ಹದಿನೈದು ವರ್ಷಗಳ ಕಲಹದ ಮೂಲವು ಹೀಗೆ ಬತ್ತಿತು. ೧೯೯೧ರ ಫೆಬ್ರವರಿಯಲ್ಲಿ 'ಇನ್ನುಯೆಂಡೊ' ಬಂದಿತು. ಅದರ ಕೊನೆಯ ಹಾಡನ್ನು ಬಹುಪಾಲು ರಚಿಸಿದ ಮೇ, ಅಷ್ಟು ಎತ್ತರದ ಸ್ವರಗಳನ್ನು ಕೃಶವಾದ ಆ ದೇಹವು ತಾಳೀತೇ ಎಂದು ಶಂಕಿಸಿದ್ದನು. ಮರ್ಕ್ಯುರಿಯು ಶಂಕೆಯನ್ನು ಸುಳ್ಳುಮಾಡಿದನು. ಆ ವರ್ಷದ ಬೇಸಗೆಯಲ್ಲಿ ಸ್ವಿಟ್ಜರ್ಲೆಂಡಿನ ಮೊಂತ್ರೋ ಊರಿನ ಸರೋವರದ ದಡದಲ್ಲಿ, ಶಕ್ತಿಯಿದ್ದ ದಿನಗಳಲ್ಲಿ ಬಂದು, ಸಂಗಡಿಗರು ಮುಂದೆ ಪೂರ್ಣ ಮಾಡಿಕೊಳ್ಳಲೆಂದು ಹಾಡಿಟ್ಟನು. ಒಂದು ಹಾಡಿನ ಕೊನೆಯ ಚರಣವು ಉಳಿಯಿತು. ಅದನ್ನು ಆತನ ಮರಣಾನಂತರ ಮೇ ಹಾಡಿ ಮುಗಿಸಿದನು.

೧೯೯೧ರ ನವೆಂಬರ್ ೨೩ರಂದು ತನ್ನ ರೋಗದ ವಿಷಯವನ್ನು ಲೋಕಕ್ಕೆ ತಿಳಿಸಿದನು. ಮರುದಿನ ಸಂಜೆ ಲಂಡನ್ನಿನ ತನ್ನ ಮನೆಯಲ್ಲಿ, ೪೫ನೆಯ ವಯಸ್ಸಿನಲ್ಲಿ, ಕಾಲವಾದನು. ಬಗೆಬಗೆಯ ವೇಷಗಳನ್ನು ತೊಟ್ಟು ಕಳಚಿದವನ ಅಂತ್ಯಕ್ರಿಯೆಯನ್ನು ಅವನ ತಂದೆತಾಯಿಗಳ ಮತದ ಪುರೋಹಿತರು ಪೂರ್ವಪದ್ಧತಿಯಂತೆ ನಡೆಯಿಸಿದರು. ೧೯೯೨ರ ಏಪ್ರಿಲ್ ೨೦ರಂದು ವೆಂಬ್ಲಿಯಲ್ಲಿ ನಡೆದ ಸ್ಮಾರಕ ಕಚೇರಿಯ ಫಲವಾಗಿ, ಏಡ್ಸ್ ರೋಗದ ವಿರುದ್ಧ ಹೋರಾಡುವ ಧರ್ಮಸಂಸ್ಥೆಯೊಂದು ಆತನ ಹೆಸರಿನಲ್ಲಿ ಸ್ಥಾಪಿತವಾಯಿತು.

ಒಂಟಿ ಹಾಡುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ೧೯೯೨ರಲ್ಲಿ ಬಾರ್ಸಿಲೋನದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಾಗ ಆ ನಗರದ ಹಾಡು ಮತ್ತೆ ಕೇಳಿಬಂದು ಬ್ರಿಟನ್ನಿನ ಎರಡನೆಯ ಸ್ಥಾನಕ್ಕೇರಿತು. 'ಮಿಸ್ಟರ್ ಬ್ಯಾಡ್ ಗೈ' ಸಂಪುಟದ 'ಲಿವಿಂಗ್ ಆನ್ ಮೈ ಓನ್' ಎಂಬ ಹಾಡು ೧೯೯೩ರಲ್ಲಿ ಹೊಸ ತಾಳವನ್ನು ತೊಟ್ಟು ಮೊದಲನೆಯ ಸ್ಥಾನವನ್ನೇ ಪಡೆಯಿತು. ಬದುಕಿದ್ದಾಗ ಒಂಟಿ ಗಾಯಕನಿಗೆ ಒಲಿಯದ ಪಟ್ಟವು ಸತ್ತ ಎರಡು ವರ್ಷಕ್ಕೆ ಒಲಿಯಿತು.

ಎಲ್ಲಕ್ಕಿಂತ ಅರ್ಥವತ್ತಾದುದು ೧೯೯೫ರ ಸಂಗತಿ. ಉಳಿದ ಮೂವರು ಕೂಡಿ 'ಮೇಡ್ ಇನ್ ಹೆವನ್' ಎಂಬ ಕಡೆಯ ಸಂಪುಟವನ್ನು ಸಿದ್ಧಪಡಿಸುವಾಗ, ಹತ್ತು ವರ್ಷಗಳ ಹಿಂದೆ ಮರ್ಕ್ಯುರಿಯು ಮ್ಯೂನಿಕ್‌ನಲ್ಲಿ ಒಂಟಿಯಾಗಿ ಹಾಡಿದ್ದ ಎರಡು ಹಾಡುಗಳನ್ನು ತೆಗೆದುಕೊಂಡರು. ಬಾಡಿಗೆಯ ವಾದ್ಯಗಳನ್ನು ಅಳಿಸಿ, ಅವನ ಕಂಠವನ್ನು ಮಾತ್ರ ಉಳಿಸಿಕೊಂಡು, ಅದರ ಸುತ್ತ ತಮ್ಮ ಗಿಟಾರನ್ನೂ ಡ್ರಮ್ಮನ್ನೂ ನುಡಿಸಿದರು. ಅವುಗಳಲ್ಲಿ ಒಂದರ ಹೆಸರೇ ಸಂಪುಟದ ಹೆಸರಾಯಿತು. ದ್ರೋಹ ಮಾಡಿದವನ ಹಾಡನ್ನು ಯಾರೂ ಹೀಗೆ ಮನೆಗೆ ಕರೆದುಕೊಳ್ಳುವುದಿಲ್ಲ. ಆತನು ಒಂಟಿ ದಾರಿಯಲ್ಲಿ ನಡೆದುದು ನಿಜ. ಆದರೆ ಮೇಳದ ಬಾಗಿಲನ್ನು ಆತನೂ ಮುಚ್ಚಲಿಲ್ಲ, ಸಂಗಡಿಗರೂ ಮುಚ್ಚಲಿಲ್ಲ.